ಬಾನೆಟ್ ಮೇಲೆ ‘35ಎಕ್ಸ್’, ಒಳಗೆ ನಾಲ್ಕು ಸಿಲಿಂಡರ್: ಯಾವ ಸ್ಟಿಕ್ಕರ್ ಹಾಕಬೇಕು?

ಪ್ರಶ್ನೆ:
ಹಳೆಯ ಮ್ಯಾಸಿ ಫರ್ಗ್ಯುಸನ್ ಡೀಸೆಲ್ ಟ್ರ್ಯಾಕ್ಟರೊಂದನ್ನು ಮೂಲರೂಪಕ್ಕೆ ತರುವ ಕೆಲಸ ಕೈಗೆತ್ತಿಕೊಂಡಿದ್ದೇನೆ. ಬಾನೆಟ್‌ನ ಎರಡೂ ಬದಿಗೆ ‘35ಎಕ್ಸ್’ ಎಂಬ ಸ್ಟಿಕ್ಕರ್ ಇದೆ. ಆದರೆ ಎಂಜಿನ್‌ನಲ್ಲಿ ನಾಲ್ಕು ಇಂಜೆಕ್ಟರ್‌ಗಳಿವೆ, ಗೇರ್‌ಬಾಕ್ಸ್‌ನ ಬೂದು ಬಣ್ಣ ಕಿತ್ತುಹೋದ ಕಡೆ ಕಂಚಿನ ಬಣ್ಣ ಇಣುಕುತ್ತಿದೆ. ಹೊಸ ಬಣ್ಣ ಬಳಿಯುವ ಮೊದಲು ಇದರ ನಿಜವಾದ ಮಾಡೆಲ್ ಯಾವುದೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ:
ಸ್ಟಿಕ್ಕರನ್ನು ನಂಬಬೇಡಿ, ಇದು 35ಎಕ್ಸ್ ಆಗಿರಲಾರದು. 1962ರ ಕೊನೆಯಲ್ಲಿ ಬಂದ 35ಎಕ್ಸ್‌ನಲ್ಲಿ ಇದ್ದದ್ದು ಮೂರು ಸಿಲಿಂಡರಿನ ಪರ್ಕಿನ್ಸ್ ಎಂಜಿನ್. ನಾಲ್ಕು ಸಿಲಿಂಡರಿನ ಸ್ಟ್ಯಾಂಡರ್ಡ್ 23ಸಿ ಎಂಜಿನ್ ಅದಕ್ಕಿಂತ ಹಿಂದಿನದು; 1959ರಲ್ಲಿ ಪರ್ಕಿನ್ಸ್ ಅದರ ಜಾಗಕ್ಕೆ ಬಂತು. ಇನ್ನು ಆ ಕಂಚಿನ ಬಣ್ಣವೇ ದೊಡ್ಡ ಸುಳಿವು. 1956ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ತಯಾರಾಗತೊಡಗಿದ ಫರ್ಗ್ಯುಸನ್ ಎಫ್‌ಇ35ಕ್ಕೆ ಬಾನೆಟ್ ಮತ್ತು ಮಡ್‌ಗಾರ್ಡ್ ಬೂದು ಬಣ್ಣದಲ್ಲಿಯೂ, ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಕಂಚಿನ ಬಣ್ಣದಲ್ಲಿಯೂ ಇದ್ದವು. ಮ್ಯಾಸಿ ಹ್ಯಾರಿಸ್ ಮತ್ತು ಫರ್ಗ್ಯುಸನ್ ಕಂಪನಿಗಳು 1953ರಲ್ಲಿಯೇ ಒಂದಾಗಿದ್ದರೂ ಕೆಂಪು ಬಾನೆಟ್ಟಿನ ಎಂಎಫ್35 ಬಂದದ್ದು 1957ರ ಕೊನೆಗೆ. ಡ್ಯಾಶ್‌ಬೋರ್ಡಿನ ಪ್ಲೇಟಿನಲ್ಲಿರುವ ಸೀರಿಯಲ್ ನಂಬರನ್ನು ವರ್ಷವಾರು ಪಟ್ಟಿಗೆ ಹೋಲಿಸಿದರೆ ತಯಾರಿಕೆಯ ವರ್ಷ ಗೊತ್ತಾಗುತ್ತದೆ.

ಮತ್ತೊಂದು ಉತ್ತರ:
ಮೇಲಿನ ಮಾತು ಸರಿ, ಆದರೆ ಎಂಜಿನ್ ಒಂದನ್ನೇ ಸಾಕ್ಷಿಯೆಂದು ಹಿಡಿಯಬಾರದು. 23ಸಿ ಎಂಜಿನ್ ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದುದರಿಂದ ಅನೇಕರು ಅದನ್ನು ತೆಗೆದು ಪರ್ಕಿನ್ಸ್ ಕೂರಿಸಿದ್ದಾರೆ; ಬಾನೆಟ್ ಬದಲಾಯಿಸಿದವರೂ ಬೇಕಾದಷ್ಟಿದ್ದಾರೆ. ಡ್ಯಾಶ್‌ಬೋರ್ಡ್ ಸಹ ಬಿಚ್ಚಿ ಬೇರೆಡೆ ಹಾಕಬಹುದಾದ ಭಾಗವೇ. ಆದ್ದರಿಂದ ಬಾನೆಟ್‌ನ ಒಂದು ಮೂಲೆಯಲ್ಲಿ 400ರ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಅಂಗೈಯಗಲದಷ್ಟು ಜಾಗವನ್ನು ನಿಧಾನವಾಗಿ ಉಜ್ಜಿ ನೋಡಿ. ಕೆಂಪಿನ ಕೆಳಗೆ ಬೂದು, ಅದರ ಕೆಳಗೆ ಪ್ರೈಮರ್ ಕಂಡರೆ ಬಾನೆಟ್ ಈ ಟ್ರ್ಯಾಕ್ಟರಿನದೇ ಆಗಿರುವ ಸಂಭವ ಹೆಚ್ಚು. ಕೆಂಪಿನ ಕೆಳಗೆ ನೇರವಾಗಿ ಪ್ರೈಮರ್ ಬಂದರೆ ಅದು ಇನ್ನೊಂದರಿಂದ ಬಂದಿರಬೇಕು, ಇಲ್ಲವೇ ಹಿಂದೊಮ್ಮೆ ಪೂರ್ತಿ ಕೆರೆಯಲ್ಪಟ್ಟಿರಬೇಕು. ಟ್ಯಾಂಕಿನ ಕೆಳಗೆ, ಬ್ಯಾಟರಿಯ ಹಿಂದೆ ಬ್ರಷ್ ತಲುಪದ ಕಡೆಗಳಲ್ಲಿ ಮೂಲ ಬಣ್ಣ ಉಳಿದಿರುತ್ತದೆ.

ಪ್ರಶ್ನೆ ಕೇಳಿದವರು:
ಉಜ್ಜಿ ನೋಡಿದೆ, ಕೆಂಪಿನ ಕೆಳಗೆ ತಿಳಿ ಬೂದು ಕಾಣಿಸಿತು. ಪ್ಲೇಟಿನ ನಂಬರ್ ಸಹ 1957ರ ನಡುವಿನದೆಂದು ಪಟ್ಟಿ ಹೇಳುತ್ತದೆ. ಹಾಗಾದರೆ ‘35’ ಎಂದು ಬರೆದಿರುವ ಯಾವ ಸ್ಟಿಕ್ಕರ್ ಸೆಟ್ ಆದರೂ ನಡೆದೀತೇ?

ಉತ್ತರ:
ನಡೆಯುವುದಿಲ್ಲ. ಮೂರು ತ್ರಿಕೋನಗಳ ಎಂಎಫ್ ಲಾಂಛನವಿರುವ ಸೆಟ್ ನಿಮ್ಮ ಯಂತ್ರಕ್ಕಿಂತ ಈಚಿನದು. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1955ರಿಂದ ತಯಾರಾದ ಟಿಓ35ರ ಸೆಟ್‌ಗಳೂ ಇದೇ ಅಂಕೆಯ ಹೆಸರಿನಲ್ಲಿ ಮಾರಾಟವಾಗುತ್ತವೆ, ಅವೂ ಬೇಡ. ಎಫ್‌ಇ35 ಎಂದು ಸ್ಪಷ್ಟವಾಗಿ ನಮೂದಿಸಿರುವುದನ್ನೇ ಕೇಳಿ. ಕೊಳ್ಳುವ ಮೊದಲು ಬಾನೆಟ್ ಮೇಲೆ ಹಳೆಯ ಅಕ್ಷರಗಳ ಅಚ್ಚು ಎಲ್ಲಾದರೂ ಉಳಿದಿದೆಯೇ ಎಂದು ಓರೆ ಬೆಳಕಿನಲ್ಲಿ ಹುಡುಕಿ. ಸಿಕ್ಕರೆ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆದಿಡಿ, ಏಕೆಂದರೆ ಕೆರೆದ ಮೇಲೆ ಅಕ್ಷರದ ಎತ್ತರವಾಗಲಿ, ಅಂಚಿನಿಂದ ಇರುವ ದೂರವಾಗಲಿ ತಿಳಿಯುವ ದಾರಿಯಿಲ್ಲ. ಹೊಸ ಬಣ್ಣ ಪೂರ್ತಿ ಗಟ್ಟಿಯಾಗುವ ತನಕ ಸ್ಟಿಕ್ಕರ್ ಅಂಟಿಸಬೇಡಿ. ಅವಸರಪಟ್ಟರೆ ಕೆಳಗೆ ಗುಳ್ಳೆ ಏಳುತ್ತದೆ.