ಪುಸ್ತಕದಲ್ಲಿ ಬೇರೆಯವರ ಕೋಡ್ ಹಾಕಿದ್ರೆ ಹೆಸರು ಹೇಗೆ ಹಾಕ್ಬೇಕು?

ಪಾಲಿಟೆಕ್ನಿಕ್ ಮೇಷ್ಟ್ರು:
ಎಲ್ರಿಗೂ ನಮಸ್ಕಾರ. ಕನ್ನಡ ಮೀಡಿಯಂನಿಂದ ಬಂದ ಹುಡುಗ್ರಿಗೆ ಅಂತ ಕನ್ನಡದಲ್ಲೇ ಒಂದು ಪೈತಾನ್ ಪ್ರೋಗ್ರಾಮಿಂಗ್ ಪುಸ್ತಕ ಬರೀತಿದೀನಿ, ಕ್ಲಾಸ್ ನೋಟ್ಸ್ ಎಲ್ಲಾ ಸೇರಿಸಿ ಹೆಚ್ಚುಕಮ್ಮಿ ಇನ್ನೂರು ಪುಟ ಆಗಿದೆ. ತೊಂದ್ರೆ ಏನಪ್ಪಾ ಅಂದ್ರೆ, ನೋಟ್ಸ್ ಮಾಡೋವಾಗ ಇದು ಮುಂದೆ ಪುಸ್ತಕ ಆಗತ್ತೆ ಅಂತ ಯಾರಿಗ್ಗೊತ್ತಿತ್ತು, ಸ್ಟ್ಯಾಕ್ ಓವರ್‌ಫ್ಲೋ (ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟು), ಗಿಟ್‌ಹಬ್ (ಕೋಡ್ ಹಂಚ್ಕೊಳ್ಳೋ ಸೈಟು), ಪೈತಾನ್ ಡಾಕ್ಯುಮೆಂಟೇಶನ್ ಅಂತ ಎಲ್ಲೆಲ್ಲಿಂದಲೋ ಕೋಡ್ ಎತ್ಕೊಂಡು ಹಾಕಿದೀನಿ, ಒಂದೆರಡು ಕಡೆ ನಮ್ಮ ಹಳೇ ಸ್ಟೂಡೆಂಟ್ ಒಬ್ಬನ ಪ್ರಾಜೆಕ್ಟಿಂದೂ ಇದೆ. ಈಗ ಪ್ರಕಾಶಕರು "ಇದೆಲ್ಲ ನನ್ನ ಸ್ವಂತ ಬರಹ" ಅಂತ ಒಂದು ಪತ್ರಕ್ಕೆ ಸಹಿ ಹಾಕಿ ಕಳ್ಸಿ ಅಂತಿದಾರೆ. ಮುನ್ನುಡಿಲಿ "ಅಂತರ್ಜಾಲದ ಎಲ್ಲ ಮಿತ್ರರಿಗೂ ವಂದನೆ" ಅಂತ ಒಂದು ಸಾಲು ಹಾಕಿದ್ರೆ ಸಾಕಾ? ವೇರಿಯಬಲ್ ಹೆಸರುಗಳನ್ನ ಬದಲಾಯಿಸಿದೀನಿ, ಅಷ್ಟಕ್ಕೆ ಅದು ನಂದಾಗತ್ತಾ?

ಸೆಮಿಕೋಲನ್:
ಸಾರ್ ಮೊದ್ಲು ಆ ಪತ್ರಕ್ಕೆ ಸಹಿ ಹಾಕ್ಬೇಡಿ, "ಈ ಪಟ್ಟಿಲಿರೋದನ್ನ ಬಿಟ್ಟು ಉಳಿದದ್ದು ನನ್ನದು" ಅಂತ ತಿದ್ದಿಸ್ಕೊಳ್ಳಿ, ಯಾವ ಪ್ರಕಾಶಕರೂ ಇದಕ್ಕೆ ಬೇಡ ಅನ್ನಲ್ಲ.

ಹೆಸರು ಹಾಕೋದು ಬೇರೆ, ಅನುಮತಿ ಇರೋದು ಬೇರೆ, ಇವೆರಡನ್ನ ಕಲಸಿಬಿಡ್ತೀವಿ ನಾವು. ಗಿಟ್‌ಹಬ್‌ನಲ್ಲಿ ಎಲ್ರಿಗೂ ಕಾಣೋ ಹಾಗೆ ಇಟ್ಟಿದಾರೆ ಅಂದ ಮಾತ್ರಕ್ಕೆ ಅದು ಊರ ಬಾವಿ ಅಲ್ಲ. ಯಾರು ಹೇಗೆ ಬಳಸ್ಬಹುದು ಅಂತ ಹೇಳೋ ಲೈಸೆನ್ಸ್ ಫೈಲೇ ಇಲ್ದಿದ್ರೆ ಹಕ್ಕೆಲ್ಲ ಬರೆದವ್ರ ಹತ್ರಾನೇ ಇದೆ ಅಂತ ಅರ್ಥ, ದಪ್ಪ ಅಕ್ಷರದಲ್ಲಿ ಹೆಸರು ಹಾಕಿದ್ರೂ ಉಪಯೋಗ ಇಲ್ಲ, ಒಂದು ಮೇಲ್ ಹಾಕಿ ಕೇಳ್ಲೇಬೇಕು. ಎಮ್‌ಐಟಿ ಅನ್ನೋ ಸಡಿಲ ಲೈಸೆನ್ಸ್ ಇದ್ರೆ ಆರಾಮ, ಆದ್ರೆ ಬರೀ ಹೆಸರು ಸಾಲಲ್ಲ, ಆ ಕಾಪಿರೈಟ್ ಸಾಲು, ಕೆಳಗಿನ ಅನುಮತಿ ಪ್ಯಾರಾ ಎರಡೂ ಪೂರ್ತಿ ಬರ್ಬೇಕು. ಪುಸ್ತಕದ ಕೊನೆಲಿ ಒಂದು ಕಡೆ ಹಾಕಿ.

ಸ್ಟ್ಯಾಕ್ ಓವರ್‌ಫ್ಲೋದಲ್ಲಿರೋದು ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ, ಅಂದ್ರೆ ಹೆಸರು ಹಾಕಿ ಬಳಸಿ, ಬದಲಾಯಿಸಿದ್ರೆ ಅದೇ ಷರತ್ತಲ್ಲಿ ಹಂಚಿ ಅನ್ನೋ ಲೈಸೆನ್ಸ್. ಯಾವ ವರ್ಶನ್ ಅನ್ನೋದು ಪೋಸ್ಟ್ ಮಾಡಿದ ತಾರೀಕಿನ ಮೇಲೆ, 2011ರ ಏಪ್ರಿಲ್ 8ಕ್ಕಿಂತ ಮುಂಚಿಂದಾದ್ರೆ 2.5, ಅಲ್ಲಿಂದ 2018ರ ಮೇ 2ರ ತನಕ 3.0, ಆಮೇಲಿಂದು 4.0. ದುಡ್ಡಿಗೆ ಮಾರೋ ಪುಸ್ತಕದಲ್ಲೂ ಹಾಕ್ಬಹುದು, ಆದ್ರೆ ಬರೆದವ್ರ ಹೆಸರು, ಲಿಂಕ್, ಲೈಸೆನ್ಸ್ ಯಾವುದು, ನೀವು ಏನಾದ್ರೂ ಬದಲಾಯಿಸಿದ್ರೆ ಅದು, ಇಷ್ಟೂ ಇರ್ಬೇಕು. ನೀವು ಬದಲಾಯಿಸಿದ ಆ ಕೋಡ್ ತುಣುಕನ್ನ ಅದೇ ಲೈಸೆನ್ಸಲ್ಲೇ ಕೊಡ್ಬೇಕಾಗತ್ತೆ. ಪೈತಾನ್ ಡಾಕ್ಯುಮೆಂಟೇಶನ್‌ನಲ್ಲಿರೋ ಉದಾಹರಣೆಗಳು ಮಾತ್ರ 3.8.6ರಿಂದ ಈಚೆಗೆ ಝೀರೋ-ಕ್ಲಾಝ್ ಬಿಎಸ್‌ಡಿ ಅನ್ನೋ ಲೈಸೆನ್ಸ್ ಅಡಿಲೂ ಸಿಗತ್ತೆ, ಅದಕ್ಕೆ ಹೆಸರು ಹಾಕ್ಲೇಬೇಕು ಅಂತೇನಿಲ್ಲ. ನಾನಾಗಿದ್ರೆ ಹಾಕ್ತಿದ್ದೆ.

ಕಡಲತಡಿ:
ಹೆಸರು ಹಾಕುವುದು ಸರಿ ಮಾರಾಯ್ರೆ, ಆದ್ರೆ ಯಾರ ಹೆಸರು? ನಿಮಗೆ ಸಿಕ್ಕಿದ ಜಾಗದಲ್ಲಿ ಹಾಕಿದವನೇ ಬರೆದವ ಅಂತ ಎಂತ ಗ್ಯಾರಂಟಿ ಉಂಟು? ಕ್ವೇಕ್ 3 ಗೇಮಿನ ಕೋಡನ್ನು 2005ರಲ್ಲಿ ಜಿಪಿಎಲ್ ಎನ್ನುವ ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಟ್ಟರಲ್ಲ, ಅದರಲ್ಲಿ ವರ್ಗಮೂಲದ ವ್ಯುತ್ಕ್ರಮ ಕಂಡುಹಿಡಿಯುವ ಒಂದು ಫಂಕ್ಷನ್ ಉಂಟು, ಒಂದು ವಿಚಿತ್ರ ಹೆಕ್ಸ್ ನಂಬರಿಂದ ಕಳೆದು ಉತ್ತರ ತರುವುದು. ಎಲ್ಲರೂ ಅದನ್ನು ಆ ಗೇಮಿನ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್‌ದು ಅಂತ ಬರೆದದ್ದೇ ಬರೆದದ್ದು. ಕೇಳಿದ್ರೆ ಅವರೇ ನನ್ನದಲ್ಲ ಅಂದ್ರು! ಹಿಂದೆ ಹಿಂದೆ ಹುಡುಕಿಕೊಂಡು ಹೋದ್ರೆ ಗ್ಯಾರಿ ಟರೋಲಿ, ಅವರಿಂದಲೂ ಹಿಂದೆ ಗ್ರೆಗ್ ವಾಲ್ಶ್ ತನಕ ಹೋಯ್ತು. ಅದಕ್ಕೆ ಹೇಳುವುದು, ಫೈಲಿನ ಹಿಸ್ಟರಿ ತೆಗೆದು ಆ ಸಾಲು ಮೊದಲು ಯಾವ ಕಮಿಟ್ಟಲ್ಲಿ (ಬದಲಾವಣೆಯ ದಾಖಲೆಯಲ್ಲಿ) ಬಂದದ್ದು ಅಂತ ಒಮ್ಮೆ ನೋಡಿ.

ಅಷ್ಟು ದೂರ ಎಂತಕ್ಕೆ, ನಮ್ಮಲ್ಲಿ ಎಷ್ಟೋ ಜನ "ನುಡಿ ಲೇಔಟ್" ಅಂತ ಹೇಳುವ ಕೀಲಿಮಣೆ ವಿನ್ಯಾಸ ಮಾಡಿದ್ದು ಕೆ.ಪಿ. ರಾವ್, ನಮ್ಮ ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ದಿನಾ ಅದರಲ್ಲೇ ಕುಟ್ಟುವವರಿಗೂ ಹೆಸರು ಗೊತ್ತಿರುವುದಿಲ್ಲ.

ಹಳೇ ಡೆವಲಪರ್:
ಮೇಷ್ಟ್ರೇ ವೇರಿಯಬಲ್ ವಿಷಯ ಯಾರೂ ಹೇಳ್ಲಿಲ್ಲ ಅಂತ ನಾನು ಬಂದೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿನೇ, ಕಥೆ ಕಾದಂಬರಿ ಥರ. ಕಥೇಲಿ ರಾಮಣ್ಣ ಇದ್ದಲ್ಲಿ ಭೀಮಣ್ಣ ಅಂತ ಹಾಕಿದ್ರೆ ಕಥೆ ನಿಮ್ದಾಗತ್ತಾ? ಆದ್ರೆ ಐಡಿಯಾ ಯಾರಪ್ಪನ ಸೊತ್ತೂ ಅಲ್ಲ, ಬಬಲ್ ಸಾರ್ಟ್, ಬೈನರಿ ಸರ್ಚ್ ಇಂಥ ವಿಧಾನಗಳನ್ನ ಅರ್ಥ ಮಾಡ್ಕೊಂಡು, ಆ ಟ್ಯಾಬ್ ಮುಚ್ಚಿ, ಕಾಫಿ ಕುಡಿದು ಬಂದು ನೀವೇ ಬರೀರಿ, ಮುಗೀತು. ಹುಡುಗನ ಪ್ರಾಜೆಕ್ಟ್ ಹುಡುಗಂದೇ, ನೀವು ಗೈಡ್ ಮಾಡಿದ್ರೂ ಅಷ್ಟೇ, ವಾಟ್ಸಾಪಲ್ಲಾದ್ರೂ ಸರಿ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಅವ್ನು ಕೆಲಸಕ್ಕೆ ಸೇರಿದ ಮೇಲೆ ಅಲ್ಲಿಗೆ ಅಂತ ಬರೆದ ಕೋಡ್ ಆದ್ರೆ ಅದು ಸಾಮಾನ್ಯವಾಗಿ ಕಂಪನಿದು, ಅವನು ಹೂಂ ಅಂದ್ರೂ ಮುಟ್ಬೇಡಿ.

ಲಿಂಕ್ ಹಾಕಿ ಅಂತ ಒತ್ತಿ ಹೇಳೋದಕ್ಕೆ ಮರ್ಯಾದೆ ಒಂದೇ ಕಾರಣ ಅಲ್ಲ. ಬೈಟ್ ಲೆಕ್ಕವನ್ನ ಕೆಬಿ, ಎಂಬಿ ಅಂತ ತೋರ್ಸೋ ಒಂದು ಜಾವಾ ತುಣುಕನ್ನ 2010ರಲ್ಲಿ ಒಬ್ರು ಸ್ಟ್ಯಾಕ್ ಓವರ್‌ಫ್ಲೋಗೆ ಹಾಕಿದ್ರು, ಸಾವಿರಾರು ಪ್ರಾಜೆಕ್ಟಿಗೆ ಕಾಪಿ ಆಯ್ತು, 2019ರಲ್ಲಿ ಅವ್ರೇ ಇದ್ರಲ್ಲಿ ತಪ್ಪಿದೆ ಅಂತ ಬರೆದು ಸರಿ ಮಾಡಿದ್ರು. 999,999 ಬೈಟ್ ಕೊಟ್ರೆ 1.0 ಎಂಬಿ ಅನ್ನೋ ಬದಲು 1000.0 ಕೆಬಿ ಅಂತಿತ್ತು! ಲಿಂಕ್ ಇಟ್ಕೊಂಡಿದ್ದವ್ರಿಗೆ ವಾಪಸ್ ಹೋಗಿ ನೋಡೋಕಾದ್ರೂ ದಾರಿ ಇತ್ತು, ಉಳಿದವ್ರು ಅದೇ ತಪ್ಪನ್ನ ಹೊತ್ಕೊಂಡು ತಿರುಗಿದ್ರು. ಅಚ್ಚಿನಲ್ಲಿ ಉದ್ದದ ಲಿಂಕ್ ಯಾರೂ ಟೈಪ್ ಮಾಡಲ್ಲ, ಕೋಡ್ ಕೆಳಗೆ ಸಣ್ಣಕ್ಷರದಲ್ಲಿ ಹೆಸರು ಹಾಕಿ, ಅಧ್ಯಾಯದ ಕೊನೆಲಿ ಒಂದು ಕ್ಯೂಆರ್ ಕೋಡ್ ಕೊಡಿ ಸಾಕು.

ಪಾಲಿಟೆಕ್ನಿಕ್ ಮೇಷ್ಟ್ರು:
ನಿನ್ನೆ ರಾತ್ರಿ ಕೂತು ಲೆಕ್ಕ ಹಾಕ್ದೆ. ಒಟ್ಟು 61 ತುಣುಕು, ಅದ್ರಲ್ಲಿ ಒಂಬತ್ತು ಎಲ್ಲಿಂದ ತಂದೆ ಅಂತ ನನಗೇ ನೆನಪಿಲ್ಲ, ಅವನ್ನ ಕಿತ್ತುಹಾಕಿ ಬೇರೆ ಬರೀತಿದೀನಿ. ಪ್ರಕಾಶಕರು ಪತ್ರ ತಿದ್ದೋಕೆ ಒಪ್ಪಿದಾರೆ, ಪುಟ ಜಾಸ್ತಿ ಆಗತ್ತೆ ಅಂತ ಸ್ವಲ್ಪ ಗೊಣಗಿದ್ರು ಅಷ್ಟೇ. ಹಳೇ ಸ್ಟೂಡೆಂಟಿಗೂ ಮೆಸೇಜ್ ಹಾಕಿ, ನಿನ್ ಕೋಡ್ ಪುಸ್ತಕದಲ್ಲಿ ಹಾಕ್ಲೇನಪ್ಪಾ, ನಿನ್ ಹೆಸರೂ ಬರತ್ತೆ ಅಂದೆ. ಅರ್ಧ ಗಂಟೆ ಬಿಟ್ಟು ರಿಪ್ಲೈ ಬಂತು: "ಸಾರ್, ಬೈಬೇಡಿ, ಅದನ್ನ ನಾನೂ ಯೂಟ್ಯೂಬ್ ನೋಡ್ಕೊಂಡು ಹೊಡೆದಿದ್ದು."