ಅಪ್‌ಡೇಟ್: ಪುಟ್ಟ ಕಾರು ಪಾಮೀರ್ ದಾಟಿತು

ಒಂದು ಲೀಟರ್ ಎಂಜಿನ್ನಿನ ಹಳೇ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡೋ ಭಾಗ) ಕಾರಲ್ಲಿ ಕಿರ್ಗಿಸ್ತಾನದ ಓಶ್‌ನಿಂದ ತಜಿಕಿಸ್ತಾನದ ದುಶಾಂಬೆಗೆ, ಪಾಮೀರ್ ಪರ್ವತಗಳನ್ನು ದಾಟೋ ಪಾಮೀರ್ ಹೆದ್ದಾರಿಯಲ್ಲಿ ಹೋಗಬಹುದಾ ಅಂತ ಕೇಳಿದ್ದೆ. ಹೆಚ್ಚಿನವರು ಬೇಡವೇ ಬೇಡ ಅಂದಿದ್ರಿ. ಹೋದೆವು, ಮುಟ್ಟಿದೆವು!

ನೀವು ಹೆದರಿಸಿದ್ದ ಅಕ್-ಬೈತಾಲ್ ಘಾಟಿ (4,655 ಮೀಟರ್) ನಿಜಕ್ಕೂ ಬೆವರಿಳಿಸಿತು. ಅಲ್ಲಿ ಗಾಳಿ ತೆಳು, ಕಾರ್ಬ್ಯುರೇಟರ್‌ಗೆ ಅದು ಗೊತ್ತಾಗಲ್ಲ, ಪೆಟ್ರೋಲ್ ಸುರಿಯುತ್ತಲೇ ಇರುತ್ತೆ. ಹಿಂದೆ ಕಪ್ಪು ಹೊಗೆ, ಎಂಜಿನ್ನಿಗೆ ಉಬ್ಬಸ. ಭಾರ ಇಳಿಸೋಕೆ ಹೆಂಡತಿ ಇಳಿದು ನಡೆದಳು, ನಾನು ಫಸ್ಟ್ ಗೇರಲ್ಲಿ ಹತ್ತಿಸಿದೆ. ಕೊನೇ ತಿರುವಿನಲ್ಲಿ ಅವಳೇ ಮುಂದಿದ್ದಳು.

ಆದರೆ ಕಾರನ್ನು ಹಣ್ಣು ಮಾಡಿದ್ದು ಏರಲ್ಲ, ಕರಾಕುಲ್ ಸರೋವರದ ಆಚೀಚಿನ ರಸ್ತೆ. ಮನೆ ಮೇಲೆ ಹೊದಿಸೋ ಸುಕ್ಕು ತಗಡಿನ ಹಾಗೆ ಅಲೆ ಅಲೆ. ಹಲ್ಲು ಕಟಕಟ ಅನ್ನುತ್ತಿರುವಾಗಲೇ ಸೈಲೆನ್ಸರ್ ಕಳಚಿ ನೆಲಕ್ಕೆ ಒರೆಯಿತು. ತಂತಿ ಬಿಗಿದು ಗುಡುಗುತ್ತಾ ಮುರ್ಗಾಬ್ ಊರು ಸೇರಿದೆವು.

ಕೇಳಿದವರಿಗೆ: ಈ ದಾರಿ ಹಾದುಹೋಗೋ ತಜಿಕಿಸ್ತಾನದ ಗೊರ್ನೊ-ಬದಖ್ಶಾನ್ ಪ್ರಾಂತ್ಯಕ್ಕೆ ವೀಸಾ ಸಾಲದು, ಬೇರೆ ಪರವಾನಗಿ ಬೇಕು, ಚೆಕ್‌ಪೋಸ್ಟಲ್ಲಿ ನೋಡುತ್ತಾರೆ. ಪೆಟ್ರೋಲಿಗೆ ಕ್ಯಾನ್ ಇರಲೇಬೇಕು.

ಕಾರು ಈಗ ದುಶಾಂಬೆಯ ಗ್ಯಾರೇಜಲ್ಲಿದೆ. ಮೆಕ್ಯಾನಿಕ್ ನನ್ನ ತಂತಿ ನೋಡಿ ನಕ್ಕ, ಆಮೇಲೆ ಅದನ್ನೇ ಇನ್ನೆರಡು ಸುತ್ತು ಬಿಗಿದ.