ಹಂಚಿನ ಕಾರ್ಖಾನೆಯ ಜಾಗದಲ್ಲಿ ಥೀಮ್ ಪಾರ್ಕ್: ನೆರೆಯವರು ಏನನ್ನು, ಯಾವಾಗ ಕೇಳಬೇಕು?

ಕೇಳಿದವರು: ಗುರುಪುರ ನದಿಯ ದಂಡೆಯ ನಿವಾಸಿ, ಮಂಗಳೂರು

ನಮ್ಮ ಮನೆಯ ಹಿಂದಿನ ಹಂಚಿನ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾಗಿವೆ. ಆ ಜಾಗವನ್ನು ಕೊಂಡವರು ಈಗ ಅಲ್ಲಿ ಮನೆಮಂದಿಯೆಲ್ಲ ಬರಬಹುದಾದ ಥೀಮ್ ಪಾರ್ಕ್ ಕಟ್ಟುವ ಯೋಜನೆ ಹಾಕಿದ್ದಾರೆ. ನೀರಿನ ಆಟಗಳು, ದೊಡ್ಡ ರೈಡ್‌ಗಳು, ತಿಂಡಿ ಮಳಿಗೆಗಳು, ಜೊತೆಗೆ ಹಂಚಿನ ಉದ್ಯಮದ ಸಣ್ಣದೊಂದು ವಸ್ತುಸಂಗ್ರಹಾಲಯ ಇರುತ್ತವೆಂದು ಬಣ್ಣದ ನಕ್ಷೆ ತೋರಿಸಿದ್ದಾರೆ. ಪಾರ್ಕ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಬಾವಿ, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡು, ಎರಡು ಬಸ್ಸುಗಳು ಎದುರಾದರೆ ನಿಂತುಹೋಗುವ ರಸ್ತೆ, ಇವುಗಳ ಬಗ್ಗೆ ಚಿಂತೆ ಇದೆ. ಯಾರಿಗೆ, ಯಾವಾಗ, ಏನೆಂದು ಬರೆದು ಕೇಳಬೇಕು? ಇಂಥದ್ದನ್ನು ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಿ.

ನಗರ ಯೋಜನೆಯ ಕೆಲಸದಿಂದ ನಿವೃತ್ತರಾದವರು, ಕದ್ರಿ

ಅಕ್ಕನವರೇ, ನಿಮ್ಮ ಮೂರು ಪ್ರಶ್ನೆಗಳಲ್ಲಿ ‘ಯಾವಾಗ’ ಎಂಬುದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಜನರು ಅವಕಾಶ ಕಳೆದುಕೊಳ್ಳುವುದು ಅಲ್ಲಿಯೇ. ದೊಡ್ಡ ಯೋಜನೆ ಬಂದರೆ ಅಹವಾಲು ಸಭೆ ನಡೆದೇ ನಡೆಯುತ್ತದೆ, ಆ ದಿನ ಹೋಗಿ ಮಾತನಾಡಿದರಾಯಿತು ಎಂದು ನಮ್ಮ ಜಿಲ್ಲೆಯವರು ನಂಬುವುದು ಸಹಜ. ದೊಡ್ಡ ಕೈಗಾರಿಕೆಗಳು ಬಂದಾಗ ಅಂಥ ಸಭೆಗಳನ್ನು ನಾವು ನೋಡಿದ್ದೇವೆ. ಆದರೆ ಕಟ್ಟಡ ಮತ್ತು ನಿರ್ಮಾಣ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯು ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ. ಒಟ್ಟು ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ರಾಜ್ಯ ಮಟ್ಟದ ಮೌಲ್ಯಮಾಪನ ಪ್ರಾಧಿಕಾರದ ಪೂರ್ವಾನುಮತಿ ಬೇಕೇ ಬೇಕು, ಆದರೆ ಆ ಅನುಮತಿಯ ಹಾದಿಯಲ್ಲಿ ನಿಮ್ಮನ್ನು ಕರೆದು ಕೇಳುವ ಸಭೆ ಇಲ್ಲ.

ಭೂಬಳಕೆಯ ವಿಷಯವೂ ಹೀಗೆಯೇ. ಮಹಾಯೋಜನೆಯಲ್ಲಿ (ನಗರದ ಮಾಸ್ಟರ್ ಪ್ಲಾನ್) ಗುರುತಿಸಿದ ಬಳಕೆಯನ್ನು ಬದಲಾಯಿಸುವಾಗ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಆಹ್ವಾನಿಸಬೇಕೆಂದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮು ಹೇಳುತ್ತದೆ. ಅದೇ ಕಲಮಿನ 3ನೇ ಉಪಕಲಮನ್ನು ಮಾತ್ರ ಹೆಚ್ಚಿನವರು ಓದುವುದಿಲ್ಲ: ಕೈಗಾರಿಕೆಯಿಂದ ವಾಣಿಜ್ಯಕ್ಕೆ ಬದಲಾವಣೆಯಾದರೆ, ಶುಲ್ಕ ಕಟ್ಟಿ ಯೋಜನಾ ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಿದಲ್ಲಿ ಅನುಮತಿ ದೊರೆತಿದೆ ಎಂದೇ ಭಾವಿಸತಕ್ಕದ್ದು. ಆದ್ದರಿಂದ ಪತ್ರಿಕೆಯಲ್ಲಿ ಪ್ರಕಟಣೆ ಬರಲಿ ಎಂದು ಕಾಯುತ್ತ ಕುಳಿತುಕೊಳ್ಳಬೇಡಿ. ಆ ಜಾಗ ಮಹಾಯೋಜನೆಯಲ್ಲಿ ಯಾವ ವಲಯದಲ್ಲಿದೆ, ಪಾರ್ಕನ್ನು ವಾಣಿಜ್ಯವೆಂದು ಪರಿಗಣಿಸಿದ್ದಾರೆಯೇ ಮನರಂಜನೆಯ ತೆರೆದ ಜಾಗವೆಂದೇ, ಬದಲಾವಣೆಗೆ ಅರ್ಜಿ ಬಂದಿದೆಯೇ ಎಂಬುದನ್ನು ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಡಿ ಇಂದೇ ಬರೆದು ಕೇಳಿ. ಹತ್ತು ರೂಪಾಯಿಯ ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ.

ನದಿಯ ಮಾತು ಬೇರೆ. ಉಬ್ಬರದ ನೀರು ಏರಿಬರುವ ನದಿದಂಡೆಯಲ್ಲಿ, 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ, ಉಬ್ಬರ ರೇಖೆಯಿಂದ 50 ಮೀಟರ್ ಅಥವಾ ಆ ಜಲಮಾರ್ಗದ ಅಗಲ, ಇವೆರಡರಲ್ಲಿ ಕಡಿಮೆಯಾದಷ್ಟು ಜಾಗ ನಿಯಂತ್ರಣಕ್ಕೆ ಒಳಪಡುತ್ತದೆ. ಹಂಚಿನ ಕಾರ್ಖಾನೆಗಳು ದೋಣಿಯಲ್ಲಿ ಬಂದ ಮಣ್ಣನ್ನು ನೇರ ಇಳಿಸಿಕೊಳ್ಳಲೆಂದೇ ದಂಡೆಗೆ ಅಂಟಿಕೊಂಡು ನಿಂತವು. ಆದ್ದರಿಂದ ಉಬ್ಬರ ರೇಖೆಯನ್ನು ಯಾರು ಗುರುತಿಸಿದರು, ನಕ್ಷೆಯಲ್ಲಿರುವ ತಡೆಗೋಡೆ ಮತ್ತು ಜೆಟ್ಟಿ ಆ ರೇಖೆಯ ಯಾವ ಬದಿಗಿವೆ ಎಂಬುದು ನೀವು ಕೇಳಬೇಕಾದ ಪ್ರಶ್ನೆ.

ಕಾನೂನು ಸಭೆ ಕರೆಯದಿದ್ದರೂ ಸಭೆ ನಡೆಯಬಾರದೆಂದೇನೂ ಇಲ್ಲ. ಇಂಗ್ಲೆಂಡಿನ ಬೆಡ್‌ಫರ್ಡ್ ಬಳಿ ಹಳೆಯ ಇಟ್ಟಿಗೆ ಕಾರ್ಖಾನೆಯ ನೆಲದಲ್ಲಿ ಯೂನಿವರ್ಸಲ್ ಸಂಸ್ಥೆ ಥೀಮ್ ಪಾರ್ಕ್ ಕಟ್ಟಲಿದೆ ಎಂದು 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಜಾಗ 476 ಎಕರೆ, ಆರಂಭ 2031ರಲ್ಲಿ, ಮೊದಲ ವರ್ಷ ನಿರೀಕ್ಷಿಸಿರುವುದು 85 ಲಕ್ಷ ಜನರನ್ನು. ಆ ಪ್ರಕಟಣೆಗೂ ಮುಂಚೆ ಸಂಸ್ಥೆ ಸುತ್ತಲಿನ ನಿವಾಸಿಗಳ ಅಭಿಪ್ರಾಯ ಸಂಗ್ರಹಿಸಿತ್ತು. ವಿಕ್ಸಮ್ಸ್ ರೈಲು ನಿಲ್ದಾಣ ಮತ್ತು ಎ421 ಹೆದ್ದಾರಿಯ ಸಂಪರ್ಕ ಸುಧಾರಣೆಯ ಮಾತು ಪಾರ್ಕಿನ ಮಾತಿನ ಜೊತೆಯಲ್ಲೇ ಬಂದಿತು. ನಮ್ಮಲ್ಲಿನ ಯೋಜನೆ ಗಾತ್ರದಲ್ಲಿ ಅದರ ಹತ್ತಿರಕ್ಕೂ ಬಾರದು, ಆದರೂ ಆ ಕ್ರಮವನ್ನು ನಾವು ಧೈರ್ಯವಾಗಿ ಕೇಳಬಹುದು. ವಾರ್ಡ್ ಸಮಿತಿಯ ಸಭೆಗೆ ಯೋಜನೆಯವರನ್ನು ಕರೆಸಿ, ಕೇಳಿದ ಪ್ರಶ್ನೆಗಳನ್ನೂ ಕೊಟ್ಟ ಉತ್ತರಗಳನ್ನೂ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಎಲ್ಲ ಪ್ರಾಧಿಕಾರಗಳಿಗೂ ಕಳುಹಿಸಿ. ರಸ್ತೆ ಅಗಲವಾಗುವುದು ಪಾರ್ಕಿನ ಬಾಗಿಲು ತೆರೆಯುವ ಮುನ್ನವೋ ಆಮೇಲೋ ಎಂಬ ಒಂದು ಪ್ರಶ್ನೆಗೆ ದಿನಾಂಕದೊಂದಿಗೆ ಉತ್ತರ ಬರೆಸಿಕೊಳ್ಳದೆ ಏಳಬೇಡಿ.

ಹಂಚಿನ ಕಾರ್ಖಾನೆ ಕಾರ್ಮಿಕರ ಮಗಳು, ಜೆಪ್ಪು

ವಸ್ತುಸಂಗ್ರಹಾಲಯದ ಪ್ರಸ್ತಾಪ ಓದಿ ಬರೆಯುತ್ತಿದ್ದೇನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು ನಮ್ಮ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ. ನನ್ನ ತಾಯಿ ದುಡಿದದ್ದು ಅದರಲ್ಲಲ್ಲ, ಅದೇ ಬಗೆಯ ಇನ್ನೊಂದರಲ್ಲಿ. ಹಸಿ ಹಂಚನ್ನು ಹೊತ್ತು ಸಾಲು ಸಾಲಾಗಿ ಒಣಗಲು ಇಡುತ್ತಿದ್ದವರಲ್ಲಿ, ಬೆಂದ ಹಂಚನ್ನು ತಟ್ಟಿ ದನಿಯಿಂದಲೇ ಒಡಕನ್ನು ಗುರುತಿಸಿ ಬೇರ್ಪಡಿಸುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಯೋಜನೆಯ ನಕ್ಷೆಯಲ್ಲಿ ಒಂದು ಚಿಮಣಿಯನ್ನು ಉಳಿಸಿಕೊಂಡು ಅದಕ್ಕೆ ದೀಪ ಹಾಕಿದರೆ ಇತಿಹಾಸ ಉಳಿಯಿತೆಂದು ಯೋಜನೆಯವರು ಭಾವಿಸಬಹುದು. ಹಂಚು ಸುಡುವ ಗೂಡು, ಒಣಗಿಸುವ ಮಾಡು, ಅಚ್ಚಿನ ಯಂತ್ರ, ದೋಣಿ ನಿಲ್ಲುತ್ತಿದ್ದ ದಕ್ಕೆ ಇವೆಲ್ಲ ಒಂದಕ್ಕೊಂದು ಸೇರಿಕೊಂಡಿದ್ದಾಗಲೇ ಅಲ್ಲಿ ಏನು ನಡೆಯುತ್ತಿತ್ತೆಂದು ಮಗುವಿಗೆ ತಿಳಿಯುವುದು. ಕೆಡವುವ ಮುನ್ನ ಇಡೀ ಆವರಣದ ಅಳತೆ, ಚಿತ್ರ ಮತ್ತು ಬದುಕಿರುವ ಕಾರ್ಮಿಕರ ಮಾತುಗಳನ್ನು ದಾಖಲಿಸಬೇಕೆಂದು ನಿಮ್ಮ ಪತ್ರದಲ್ಲಿ ಸೇರಿಸಿ. ಜರ್ಮನಿಯ ಡೂಯಿಸ್‌ಬುರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯನ್ನು ಕೆಡವದೆ ಅದನ್ನೇ ಉದ್ಯಾನವನ್ನಾಗಿ ಮಾಡಿ 1994ರಲ್ಲಿ ತೆರೆದರು. ಅಲ್ಲಿ ಅನಿಲ ತುಂಬಿಡುತ್ತಿದ್ದ ಟ್ಯಾಂಕಿಗೆ ನೀರು ತುಂಬಿ ಮುಳುಗು ಈಜು ಕಲಿಸುತ್ತಾರೆ.

ಇನ್ನೊಂದು ಮಾತು. ಒಡಕು ಹಂಚು, ಗೂಡಿನ ಬೂದಿ, ಕೆಸರು ಎಲ್ಲವನ್ನೂ ದಂಡೆಗೆ ಸುರಿದು ಜಾಗ ಎತ್ತರಿಸುವುದು ಕಾರ್ಖಾನೆಗಳ ರೂಢಿಯಾಗಿತ್ತು. ಯಾವ ಮೂಲೆಯಲ್ಲಿ ಏನು ಹೂತಿದೆ ಎಂಬುದು ಯಾವ ಕಡತದಲ್ಲೂ ಸಿಗದು. ಹಳೆಯ ಕಾರ್ಮಿಕರನ್ನು ಕೇಳಿ, ಅವರು ಬೆರಳು ಮಾಡಿ ತೋರಿಸುತ್ತಾರೆ.

ಮಣ್ಣು ಪರೀಕ್ಷೆಯ ಕೆಲಸದಲ್ಲಿರುವವರು, ಸುರತ್ಕಲ್

ಮೇಲೆ ಜೆಪ್ಪುವಿನ ಅಕ್ಕ ಬರೆದದ್ದು ನಮ್ಮ ಕೆಲಸಕ್ಕೆ ನೇರ ಸಂಬಂಧಿಸಿದ್ದು. ಸುರಿದು ಎತ್ತರಿಸಿದ ನೆಲ ಒಂದೇ ಸಮ ಕೂರುವುದಿಲ್ಲ. ಅದರಡಿ ನದಿಯ ಮೆದು ಜೇಡಿ ಇದ್ದರೆ ಎತ್ತರದ ರೈಡ್‌ಗಳ ಅಡಿಪಾಯವನ್ನು ಆಳದ ಗಟ್ಟಿ ಪದರದವರೆಗೆ ಪೈಲ್ (ಉದ್ದನೆಯ ಆಧಾರ ಕಂಬ) ಇಳಿಸಿ ಕಟ್ಟಬೇಕಾಗುತ್ತದೆ, ಆ ಕೆಲಸ ನಡೆಯುವಾಗ ಅಕ್ಕಪಕ್ಕದ ಹಳೆಯ ಗೋಡೆಗಳಿಗೆ ಅದುರಿಕೆ ತಟ್ಟುತ್ತದೆ. ಆದ್ದರಿಂದ ಕೆಲಸ ಆರಂಭವಾಗುವ ಮುನ್ನವೇ ನಿಮ್ಮ ಮನೆಯ ಗೋಡೆಗಳ ಚಿತ್ರ ತೆಗೆದು ದಿನಾಂಕ ಹಾಕಿಟ್ಟುಕೊಳ್ಳಿ, ಬಾವಿಯ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಪರೀಕ್ಷೆ ಮಾಡಿಸಿಡಿ. ಮೊದಲಿನ ಸ್ಥಿತಿಗೆ ದಾಖಲೆ ಇಲ್ಲದಿದ್ದರೆ ಆಮೇಲಿನ ದೂರಿಗೆ ಬಲವಿರುವುದಿಲ್ಲ.

ಹಂಚಿನ ಮಣ್ಣು ನಿರಪಾಯಕಾರಿ. ಸಂದೇಹ ಪಡಬೇಕಾದದ್ದು ಯಂತ್ರಗಳಿದ್ದ ಕಟ್ಟಡ, ಎಣ್ಣೆಯ ಟ್ಯಾಂಕ್, ಹಳೆಯ ಟ್ರಾನ್ಸ್‌ಫಾರ್ಮರ್, ಕಾರ್ಖಾನೆ ಮುಚ್ಚಿದ ಮೇಲೆ ಆ ಜಾಗವನ್ನು ಬಾಡಿಗೆಗೆ ಪಡೆದ ಗುಜರಿ ಅಥವಾ ಗ್ಯಾರೇಜಿನವರು ಬಿಟ್ಟುಹೋದದ್ದು. ಅಮೆರಿಕದ ಸಿಯಾಟಲ್‌ನಲ್ಲಿ ಕಲ್ಲಿದ್ದಲಿನಿಂದಲೂ ಎಣ್ಣೆಯಿಂದಲೂ ಅನಿಲ ತಯಾರಿಸುತ್ತಿದ್ದ ಘಟಕ 1956ರಲ್ಲಿ ನಿಂತು, ಅದೇ ಜಾಗ 1975ರಲ್ಲಿ ಉದ್ಯಾನವಾಗಿ ತೆರೆಯಿತು. ಬಹಳ ಚೆಂದದ ಉದ್ಯಾನವದು, ಆದರೆ ನೆಲದಲ್ಲಿ ಉಳಿದ ಟಾರಿನಂಥ ಮಾಲಿನ್ಯದಿಂದಾಗಿ ಅದರ ದಡದಲ್ಲಿ ನೀರಿಗಿಳಿಯುವುದನ್ನು ನಿಷೇಧಿಸಿದ್ದಾರೆ. ಪುಟ್ಟ ಮಕ್ಕಳು ಮರಳಲ್ಲಿ, ನೀರಲ್ಲಿ ಆಡುವ ಜಾಗಕ್ಕೆ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನಾವುದಿದೆ? ನಮ್ಮ ದೇಶದಲ್ಲಿಯೂ ಕಲುಷಿತ ನಿವೇಶನಗಳ ನಿರ್ವಹಣೆಗೆಂದೇ 2025ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ಹೊರಡಿಸಿದೆ. ಮಣ್ಣಿನ ಮಾದರಿಗಳನ್ನು ಎಲ್ಲೆಲ್ಲಿ, ಎಷ್ಟು ಆಳದಿಂದ ತೆಗೆದರು ಎಂಬ ನಕ್ಷೆಯ ಸಹಿತ ಪೂರ್ಣ ವರದಿ ಕೇಳಿ. ‘ಮಣ್ಣು ಪರೀಕ್ಷೆಯಾಗಿದೆ’ ಎಂಬ ಒಂದು ಸಾಲಿನ ಉತ್ತರವನ್ನು ಒಪ್ಪಬೇಡಿ. ಹೆಚ್ಚಿನ ವೇಳೆ ಅದು ಅಡಿಪಾಯದ ಬಲದ ಪರೀಕ್ಷೆ ಮಾತ್ರವಾಗಿರುತ್ತದೆ, ಮಾಲಿನ್ಯದ್ದಾಗಿರುವುದಿಲ್ಲ.

ಮನರಂಜನಾ ಪಾರ್ಕಿನಲ್ಲಿ ಮೆಕ್ಯಾನಿಕ್ ಆಗಿದ್ದವರು, ಉಡುಪಿ

ನಾನು ಹೊರರಾಜ್ಯದ ಪಾರ್ಕೊಂದರಲ್ಲಿ ರೈಡ್‌ಗಳ ನಿರ್ವಹಣೆ ಮಾಡಿ ಊರಿಗೆ ಮರಳಿದವನು. ಕರಾವಳಿಯ ಪಾರ್ಕಿಗೆ ದೊಡ್ಡ ಶತ್ರು ತುಕ್ಕು. ಇಲ್ಲಿನ ಉಪ್ಪು ಗಾಳಿ, ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಸುರಿಯುವ ಮಳೆ, ಇವುಗಳಲ್ಲಿ ಉಕ್ಕಿನ ಸವೆತ ಒಳನಾಡಿನಂತಿರುವುದಿಲ್ಲ. ಬೋಲ್ಟಿನ ಕುತ್ತಿಗೆಯಲ್ಲಿ, ವೆಲ್ಡಿನ ಅಂಚಿನಲ್ಲಿ, ಪೈಪಿನ ಒಳಮೈಯಲ್ಲಿ ಹುಟ್ಟುವ ಬಿರುಕು ಬಣ್ಣದಡಿ ಕಾಣುವುದಿಲ್ಲ. ಅಲ್ಟ್ರಾಸಾನಿಕ್‌ನಂಥ ಪರೀಕ್ಷೆಯಿಂದಲೇ ಅದನ್ನು ಹಿಡಿಯಬೇಕು. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ರೈಡ್ ಮುರಿದುಬಿದ್ದು ಜನ ಸತ್ತರು. ದಿನದ ತಪಾಸಣೆಯ ಪುಸ್ತಕವನ್ನು ಯಾರು ಬರೆಯುತ್ತಾರೆ, ಹೊರಗಿನ ತಜ್ಞರ ವಾರ್ಷಿಕ ಪರೀಕ್ಷೆ ಯಾವಾಗ, ರೈಡ್ ನಿಲ್ಲಿಸುವ ಅಧಿಕಾರ ಮೆಕ್ಯಾನಿಕ್‌ಗೆ ಇದೆಯೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಆ ಪಾರ್ಕಿಗೆ ನಾನು ನನ್ನ ಮಕ್ಕಳನ್ನು ಕಳುಹಿಸಲಾರೆ.

ಪ್ರವಾಹವನ್ನೂ ಮರೆಯಬೇಡಿ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ತಗ್ಗಿನಲ್ಲಿ 2000ದಲ್ಲಿ ತೆರೆದ ಪಾರ್ಕಿಗೆ 2005ರ ಕತ್ರೀನಾ ಚಂಡಮಾರುತದಲ್ಲಿ ನೀರು ನುಗ್ಗಿ ನಿಂತಿತು, ಮತ್ತೆಂದೂ ಅದು ತೆರೆಯಲಿಲ್ಲ. ಪಾಳು ರೈಡ್‌ಗಳು ಬಹಳ ಕಾಲ ಹಾಗೆಯೇ ನಿಂತಿದ್ದವು. ನಿಮ್ಮ ಮನೆಯ ಹಿಂದೆ ಹಾಗಾಗದಿರಲು, ಯೋಜನೆ ನಿಂತುಹೋದರೆ ಜಾಗ ತೆರವುಗೊಳಿಸುವ ಹಣವನ್ನು ಮೊದಲೇ ಠೇವಣಿ ಇಡಬೇಕೆಂಬ ಷರತ್ತನ್ನು ಕೇಳುವುದು ನ್ಯಾಯವಾಗಿದೆ.

ನೀರಿನ ಆಟಗಳಲ್ಲಿ ನೀರನ್ನು ಸೋಸಿ ಮತ್ತೆ ಬಳಸುತ್ತಾರೆ, ಅದು ಸರಿ. ಆದರೆ ಫಿಲ್ಟರನ್ನು ಹಿಮ್ಮುಖವಾಗಿ ತೊಳೆದಾಗ ಕ್ಲೋರಿನ್ ಮಿಶ್ರಿತ ಕೊಳೆನೀರು ಹೊರಬರುತ್ತದೆ. ಅದು ಶುದ್ಧೀಕರಣ ಘಟಕಕ್ಕೋ ನಿಮ್ಮ ತೋಡಿಗೋ? ಆವಿಯಾಗಿ, ಚೆಲ್ಲಿ ಹೋದದ್ದನ್ನು ತುಂಬಲು ನೀರು ಎಲ್ಲಿಂದ? ತುಂಬೆ ಅಣೆಕಟ್ಟಿನ ನೀರು ಸಾಲದೆ 2019ರ ಬೇಸಿಗೆಯಲ್ಲಿ ಮಂಗಳೂರಿಗೆ ಸರದಿಯಂತೆ ನೀರು ಬಿಟ್ಟದ್ದು ನಿಮಗೆ ನೆನಪಿರಬಹುದು, ಮತ್ತು ಪಾರ್ಕಿಗೆ ಜನ ಹೆಚ್ಚು ಬರುವುದು ಅದೇ ಏಪ್ರಿಲ್–ಮೇ ರಜೆಯಲ್ಲಿ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಕದ್ರಿಯ ಹಿರಿಯರಲ್ಲಿ ಒಂದು ಸಂದೇಹ: ರೈಡ್‌ಗಳೆಲ್ಲ ಬಯಲಿನಲ್ಲಿರುವುದರಿಂದ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟುವುದೇ ಇಲ್ಲ ಎಂದು ಯೋಜನೆಯವರು ಹೇಳಿದರೆ?

ನಗರ ಯೋಜನೆಯ ಕೆಲಸದಿಂದ ನಿವೃತ್ತರಾದವರು, ಕದ್ರಿ

ಹಾಗೆ ಹೇಳುವ ಸಾಧ್ಯತೆ ಖಂಡಿತ ಇದೆ. ಆಗ ಎರಡು ವಿಷಯ ನೋಡಿ. ಎಲ್ಲ ಮಹಡಿಗಳ, ನೆಲಮಾಳಿಗೆಯ ಮತ್ತು ಸೇವಾ ಪ್ರದೇಶಗಳ ವಿಸ್ತೀರ್ಣ ಸೇರಿಸಿಯೇ ಲೆಕ್ಕ ಹಾಕಬೇಕು. ಯೋಜನೆಯನ್ನು ‘ಮೊದಲ ಹಂತ’, ‘ಎರಡನೇ ಹಂತ’ ಎಂದು ತುಂಡರಿಸಿದ್ದರೆ ಪೂರ್ಣ ನಕ್ಷೆಯ ಒಟ್ಟು ವಿಸ್ತೀರ್ಣ ತಿಳಿಸುವಂತೆ ಒತ್ತಾಯಿಸಿ. ಮಿತಿಯ ಕೆಳಗಿದ್ದರೂ ಕರಾವಳಿ ನಿಯಂತ್ರಣ ವಲಯದ ನಿಯಮ, ಪಾಲಿಕೆಯ ಕಟ್ಟಡ ಪರವಾನಗಿ ಇವು ತಪ್ಪುವುದಿಲ್ಲ. ತ್ಯಾಜ್ಯ ನೀರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೇ ಎಂದು ಮಂಡಳಿಗೂ ಪ್ರತ್ಯೇಕವಾಗಿ ಬರೆಯಿರಿ. ಉಡುಪಿಯವರು ಹೇಳಿದ ಫಿಲ್ಟರ್ ನೀರಿನ ಪ್ರಶ್ನೆಯನ್ನು ಆ ಪತ್ರದಲ್ಲಿಯೇ ಎತ್ತಿ.

ಮಿತಿ ದಾಟಿದ್ದರೆ ಅರ್ಜಿಯ ಕಾಗದಪತ್ರಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ಅನುಮತಿ ದೊರೆತ ಬಳಿಕವೂ ಷರತ್ತುಗಳ ಪಾಲನೆಯ ವರದಿಯನ್ನು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು, ಆ ವರದಿ ಸಾರ್ವಜನಿಕ ದಾಖಲೆಯೂ ಹೌದು. ಇದೆಲ್ಲವನ್ನೂ ಒಂಟಿಯಾಗಿ ಮಾಡಬೇಡಿ. ಪತ್ರಕ್ಕೆ ತೋಡಿನ ಎರಡೂ ಬದಿಯ ಮನೆಯವರ ಸಹಿ ಇರಲಿ, ಪಾರ್ಕ್ ಬೇಕೆನ್ನುವವರ ಸಹಿಯೂ ಇರಲಿ. ಬಾವಿ ಮತ್ತು ರಸ್ತೆಯ ಪ್ರಶ್ನೆ ಅವರದ್ದೂ ಹೌದು. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿಯೊಂದು ನಿಮ್ಮಲ್ಲಿರಲಿ.